ಗಟ್ಟಿ ಆ್ಯಂಟಿ-ರೋಲ್ ಬಾರ್ ಹಾಕಿಸಿದ ಮೇಲೆ ಸದ್ದು, ವಾಲಾಟ, ಜಾರಾಟ: ದೋಷ ಹುಡುಕುವ ಕೈಪಿಡಿ

ದಪ್ಪ ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಗಾಡಿ ಹೆಚ್ಚು ವಾಲದಂತೆ ಎಡಬಲ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳು) ಹಾಕಿಸಿದ ಕಾರು ಮೊದಲ ಕೆಲವು ದಿನ ತಿರುವಿನಲ್ಲಿ ಚೆನ್ನಾಗಿಯೇ ಕೂರುತ್ತದೆ. ಆಮೇಲೆ ದೂರುಗಳು ಶುರುವಾಗುತ್ತವೆ. ಗುಂಡಿ ಹತ್ತಿ ಇಳಿದರೆ ಟಕ್ ಎನ್ನುತ್ತದೆ, ಮಳೆ ನಿಂತ ಮೇಲೆ ಕಿರ್ರೆನ್ನುತ್ತದೆ, ನಿಲ್ಲಿಸಿದಾಗ ಒಂದು ಕಡೆ ವಾಲಿದಂತೆ ಕಾಣುತ್ತದೆ, ಒದ್ದೆ ರಸ್ತೆಯಲ್ಲಿ ಹಿಂಭಾಗ ಹಗುರಾಗುತ್ತದೆ. ಇವುಗಳಲ್ಲಿ ಕೆಲವು ಬಾರಿನವು, ಕೆಲವು ಜೋಡಣೆಯವು, ಇನ್ನು ಕೆಲವು ಮೊದಲೇ ಇದ್ದು ಹೊಸ ಬಾರು ಬಂದ ಮೇಲೆ ಕಿವಿಗೆ ಬಿದ್ದವು. ಯಾವುದು ಯಾವುದೆಂದು ಬೇರ್ಪಡಿಸುವುದೇ ಇಲ್ಲಿನ ಕೆಲಸ. ಮೈಸೂರು, ಮಂಡ್ಯದ ಬಿಡಿಭಾಗದ ಅಂಗಡಿಗಳಲ್ಲಿ ಸ್ಟೆಬಿಲೈಸರ್ ಬಾರ್, ಲಿಂಕ್ ರಾಡ್ ಎಂದು ಕೇಳಿದರೆ ಬೇಗ ಸಿಗುತ್ತದೆ. ಇಲ್ಲಿ ಚಿಕ್ಕದಾಗಿ ಬಾರು, ಲಿಂಕ್ ಎನ್ನುತ್ತೇವೆ. ಲಿಂಕ್ ಎಂದರೆ ಬಾರಿನ ತುದಿಯನ್ನು ಚಕ್ರದ ಬದಿಗೆ ಸೇರಿಸುವ ಸಣ್ಣ ಸರಳು.

ಬಾರು ಯಾವಾಗ ಕೆಲಸ ಮಾಡುತ್ತದೆ

ಎಡ ಚಕ್ರ ಮತ್ತು ಬಲ ಚಕ್ರ ಬೇರೆ ಬೇರೆ ಎತ್ತರಕ್ಕೆ ಹೋದಾಗ ಮಾತ್ರ ಬಾರು ತಿರುಚಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಏರಿದರೆ ಅದು ತನ್ನ ಬುಶ್‌ಗಳೊಳಗೆ (ಬಾರನ್ನು ಗಾಡಿಯ ಅಡಿಗೆ ಹಿಡಿದಿಡುವ ರಬ್ಬರಿನಂಥ ತುಂಡುಗಳು) ಸುಮ್ಮನೆ ಉರುಳುತ್ತದೆ, ಬಲ ಬೀಳುವುದಿಲ್ಲ. ಮುಂದಿನ ಅರ್ಧಕ್ಕರ್ಧ ಪರೀಕ್ಷೆಗಳು ಈ ಒಂದು ಗುಣದ ಮೇಲೆ ನಿಂತಿವೆ.

ಎರಡನೆಯದು, ಗಟ್ಟಿತನದ ಲೆಕ್ಕ. ಘನ ಬಾರಿನ ಗಟ್ಟಿತನ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. 20 ಮಿ.ಮೀ. ಬಾರು ತೆಗೆದು 22 ಮಿ.ಮೀ. ಹಾಕಿದರೆ ಸುಮಾರು ಶೇ. 46 ಗಟ್ಟಿ. 24 ಮಿ.ಮೀ. ಹಾಕಿದರೆ ಎರಡರಷ್ಟಕ್ಕೂ ಹೆಚ್ಚು. ‘ಎರಡೇ ಮಿಲಿಮೀಟರ್ ತಾನೆ’ ಎಂದು ಅಂಗಡಿಯಲ್ಲಿ ಹೇಳುವವರಿಗೆ ಈ ಲೆಕ್ಕ ತೋರಿಸಿ. ಬಾರಿನ ತುದಿಯ ತೋಳಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ತುದಿಯಲ್ಲಿ ಎರಡು ತೂತು ಇರುವ ಬಾರಿನಲ್ಲಿ ಲಿಂಕನ್ನು 250 ಮಿ.ಮೀ. ದೂರದ ತೂತಿನಿಂದ 225 ಮಿ.ಮೀ. ತೂತಿಗೆ ಸರಿಸಿದರೆ ಸುಮಾರು ಶೇ. 23 ಗಟ್ಟಿಯಾಗುತ್ತದೆ. ಟೊಳ್ಳು ಬಾರನ್ನು ಹೊರವ್ಯಾಸವೊಂದನ್ನೇ ನೋಡಿ ಹೋಲಿಸಬೇಡಿ. 24 ಮಿ.ಮೀ. ಹೊರವ್ಯಾಸ, 4 ಮಿ.ಮೀ. ಗೋಡೆಯ ಕೊಳವೆ ಅದೇ ವ್ಯಾಸದ ಘನ ಬಾರಿನ ಶೇ. 80ರಷ್ಟು ಗಟ್ಟಿ, ತೂಕ ಮಾತ್ರ ಶೇ. 56ರ ಆಸುಪಾಸು.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ತಿರುವಿನಲ್ಲಿ ಒಳ ಚಕ್ರದಿಂದ ಹೊರ ಚಕ್ರಕ್ಕೆ ವರ್ಗವಾಗುವ ಒಟ್ಟು ಭಾರವನ್ನು ಬಾರು ಕಡಿಮೆ ಮಾಡುವುದಿಲ್ಲ. 1,100 ಕೆ.ಜಿ.ಯ ಗಾಡಿ, ಗುರುತ್ವ ಕೇಂದ್ರ 55 ಸೆ.ಮೀ. ಎತ್ತರ, ಎಡಬಲ ಚಕ್ರಗಳ ನಡುವೆ 150 ಸೆ.ಮೀ., ತಿರುವಿನ ಬಲ ಅರ್ಧ ಜಿ (ಗಾಡಿಯ ತೂಕದ ಅರ್ಧದಷ್ಟು) ಎಂದಿಟ್ಟುಕೊಳ್ಳಿ. ಸುಮಾರು 200 ಕೆ.ಜಿ. ಆಚೆ ಬದಿಗೆ ಹೋಗುತ್ತದೆ, ಬಾರು ಎಷ್ಟೇ ದಪ್ಪ ಇರಲಿ. ಆ 200ರಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಎಂಬ ಪಾಲನ್ನಷ್ಟೇ ಬಾರು ಬದಲಿಸುತ್ತದೆ. ಹಾಗಾಗಿ ಸ್ಕಾರ್ಪಿಯೊ, ಬೊಲೆರೊದಂಥ ಎತ್ತರದ ಗಾಡಿಗೆ ದಪ್ಪ ಬಾರು ಹಾಕಿದರೆ ವಾಲುವುದು ಕಡಿಮೆಯಾಗುತ್ತದೆ, ಮಗುಚುವ ಅಪಾಯ ಬಹುಮಟ್ಟಿಗೆ ಅಷ್ಟೇ ಉಳಿಯುತ್ತದೆ. ವಾಲದ ಗಾಡಿ ಚಾಲಕನಿಗೆ ಎಚ್ಚರಿಕೆ ಕೊಡುವುದೂ ಕಡಿಮೆ. ಇದು ಸಣ್ಣ ಮಾತಲ್ಲ.

ಬಾರಿನ ಮೇಲೆ ತಪ್ಪು ಹೊರಿಸುವ ಮೊದಲು

ಟೈರ್ ಗಾಳಿ ತಣ್ಣಗಿದ್ದಾಗ ನೋಡಿ, ಬಾಗಿಲಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಇರಲಿ. ಎಡಬಲಕ್ಕೆ 3–4 ಪಿಎಸ್‌ಐ ವ್ಯತ್ಯಾಸವಿದ್ದರೆ ಎಳೆತಕ್ಕೆ ಬೇರೆ ಕಾರಣ ಹುಡುಕುವ ಅಗತ್ಯವೇ ಇರಲಿಕ್ಕಿಲ್ಲ. ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಇಳಿದಿದೆಯೇ, ಸ್ಪ್ರಿಂಗಿನ ಕೆಳಸುತ್ತು ಮುರಿದಿದೆಯೇ, ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬುಶ್ ಹರಿದಿದೆಯೇ ನೋಡಿ. ಸವೆದ ಶಾಕ್ ಇರುವ ಗಾಡಿಗೆ ದಪ್ಪ ಬಾರು ಹಾಕಿದರೆ ಗಾಡಿ ವಾಲದೆ ತೂಗಾಡುತ್ತದೆ. ಬಾರು ಒಂದು ಸ್ಪ್ರಿಂಗು, ಅದರ ಆಟವನ್ನು ನಿಲ್ಲಿಸುವ ಕೆಲಸ ಶಾಕ್‌ನದು.

ಮತ್ತೊಂದು ಮಾತು, ಅಡಿಗೆ ಹೋಗುವಾಗ ಜಾಕ್ ಒಂದನ್ನೇ ನಂಬಬೇಡಿ. ಜಾಕ್ ಸ್ಟ್ಯಾಂಡ್ ಬೇಕು, ಕೈಬ್ರೇಕ್ ಬೇಕು, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಟ್ಟೆ ಬೇಕು. ಚಕ್ರದ ಮೇಲೆ ಭಾರ ಇರುವಂತೆಯೇ ಅಡಿಯಿಂದ ನೋಡಬೇಕಾದ ಪರೀಕ್ಷೆಗಳು ಮುಂದೆ ಬರುತ್ತವೆ. ಅದಕ್ಕೆ ಪಿಟ್ ಇರುವ ಸರ್ವಿಸ್ ಸ್ಟೇಷನ್ ಅಥವಾ ನಾಲ್ಕು ಕಂಬದ ಲಿಫ್ಟೇ ಸರಿ. ಎರಡು ಕಂಬದ ಲಿಫ್ಟಿನಲ್ಲಿ ಚಕ್ರಗಳು ಜೋತುಬಿದ್ದಿರುತ್ತವೆ, ಲಿಂಕಿನ ಸಡಿಲ ಅಲ್ಲಿ ಮರೆಯಾಗಬಹುದು.

ಟಕ್ ಟಕ್ ಸದ್ದು

ಮೊದಲು ರಸ್ತೆಯ ಮೇಲೆ ಬೇರ್ಪಡಿಸಿ. ಬಡಾವಣೆಯ ಒಳರಸ್ತೆಯಲ್ಲಿ ರಸ್ತೆಯಗಲದ ಹಂಪ್ ಒಂದನ್ನು ಆರಿಸಿ, 15 ಕಿ.ಮೀ. ವೇಗದಲ್ಲಿ ನೇರವಾಗಿ, ಎರಡೂ ಚಕ್ರ ಒಟ್ಟಿಗೆ ಏರುವಂತೆ ದಾಟಿ. ಆಮೇಲೆ ಅದೇ ವೇಗದಲ್ಲಿ ಒಂದೇ ಬದಿಯ ಚಕ್ರ ಗುಂಡಿಗೆ ಇಳಿಯುವಂತೆ, ಅಥವಾ ಟಾರಿನ ಅಂಚಿನಿಂದ ಮಣ್ಣಿಗೆ ಇಳಿದು ಹತ್ತುವಂತೆ ಓಡಿಸಿ. ಕಿಟಕಿ ಇಳಿಸಿರಲಿ, ಎಸಿ ಆರಿಸಿರಲಿ, ಡಿಕ್ಕಿಯಲ್ಲಿನ ಜಾಕ್, ಪಾನ ಹೊರಗಿರಲಿ.

ಒಂದು ಚಕ್ರದ ಗುಂಡಿಯಲ್ಲಿ ಮಾತ್ರ ಸದ್ದು ಬಂದು ಹಂಪಿನಲ್ಲಿ ಬರದಿದ್ದರೆ ಬಾರಿನ ಕುಟುಂಬವನ್ನೇ ಹಿಡಿಯಿರಿ: ಲಿಂಕ್, ಡಿ ಆಕಾರದ ಬುಶ್, ಅದರ ಕ್ಲಾಂಪ್. ಎರಡರಲ್ಲೂ ಬಂದರೆ ಸ್ಟ್ರಟ್‌ನ (ಸ್ಪ್ರಿಂಗು, ಶಾಕ್ ಒಂದಾಗಿರುವ ಕಂಬ) ಮೇಲಿನ ಮೌಂಟ್, ಶಾಕ್, ಲೋಯರ್ ಆರ್ಮ್ ಬಾಲ್ ಜಾಯಿಂಟ್ ಕಡೆ ಮೊದಲು ಹೋಗಿ. ನಿಂತ ಗಾಡಿಯಲ್ಲಿ ಸ್ಟಿಯರಿಂಗ್ ತಿರುಗಿಸಿದಾಗಲೇ ಟಂಗ್ ಎಂದರೆ ಸ್ಟ್ರಟ್ ಬೇರಿಂಗ್. ಬ್ರೇಕ್ ಹಾಕಿದ ಕ್ಷಣ ಒಂದೇ ಸಲ ಟಕ್ ಎಂದರೆ ಲೋಯರ್ ಆರ್ಮಿನ ಹಿಂದಿನ ಬುಶ್.

ನಂತರ ಪಿಟ್ ಮೇಲೆ. ಒಬ್ಬರು ಚಾವಣಿಯ ಅಂಚು ಹಿಡಿದು ಗಾಡಿಯನ್ನು ಎಡಬಲಕ್ಕೆ ತೂಗಲಿ, ಇನ್ನೊಬ್ಬರು ಅಡಿಯಿಂದ ಲಿಂಕಿನ ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟಿಗೆ ಬೆರಳಿಟ್ಟು ನೋಡಲಿ. ಸಡಿಲ ಲಿಂಕಿನ ಕುಟುಕು ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆ. ಸಂಶಯವಿದ್ದರೆ ಸಣ್ಣ ಸಲಾಕೆಯಿಂದ ಲಿಂಕನ್ನು ಅದರ ಉದ್ದಕ್ಕೇ ಮೀಟಿ. ಅಡ್ಡಕ್ಕೆ ತಿರುಗುವುದು ಸಹಜ, ಉದ್ದಕ್ಕೆ ಆಟ ಇರಬಾರದು. ರಬ್ಬರ್ ಟೋಪಿ ಹರಿದಿದ್ದರೆ ಇವತ್ತು ಆಟ ಇಲ್ಲದಿದ್ದರೂ ಲಿಂಕ್ ಬದಲಿಸಿ. ಗದ್ದೆಬಯಲಿನ ಕೆಸರು ಒಳಗೆ ಹೋದ ಬಾಲ್ ಜಾಯಿಂಟ್ ಬಹಳ ದಿನ ಬಾಳುವುದಿಲ್ಲ.

ಹೊಸ ಲಿಂಕೇ ಸದ್ದು ಮಾಡುತ್ತಿದ್ದರೆ ಹೆಚ್ಚು ಸಲ ತಪ್ಪು ನಟ್ ಬಿಗಿಸಿದ ರೀತಿಯಲ್ಲಿರುತ್ತದೆ. ಬಾಲ್ ಸ್ಟಡ್ಡು ನಟ್ಟಿನ ಜತೆಗೇ ತಿರುಗುತ್ತದೆ. ಸ್ಟಡ್ಡಿನ ತುದಿಯ ಅಲೆನ್ ತೂತಿಗೆ 5 ಅಥವಾ 6 ಮಿ.ಮೀ. ಕೀ ಹಾಕಿ, ಅಥವಾ ಹಿಂಬದಿಯ ಚಪ್ಪಟೆ ಭಾಗಕ್ಕೆ ತೆಳು ಸ್ಪ್ಯಾನರ್ ಹಿಡಿದು ಕೈಯಿಂದಲೇ ಬಿಗಿಸಬೇಕು. ಗಾಳಿಯ ಗನ್ನಿನಲ್ಲಿ ಹೊಡೆದರೆ ಸ್ಟಡ್ಡು ಗಿರ್ರನೆ ಸುತ್ತಿ ರಬ್ಬರ್ ಟೋಪಿ ಹಿಂಡಿಹೋಗುತ್ತದೆ. ನಟ್ ಬಿಗಿಯಾಗಿದೆ ಎಂದು ಕೈಗೆ ಅನ್ನಿಸುತ್ತದೆ, ಸ್ಟಡ್ಡಿನ ಭುಜ ಮಾತ್ರ ತೂತಿನ ಮುಖಕ್ಕೆ ಕೂತಿರುವುದಿಲ್ಲ. ಈ ಒಂದು ಕಾರಣಕ್ಕೇ ಎರಡು ಮೂರು ಜೊತೆ ಒಳ್ಳೆಯ ಲಿಂಕುಗಳು ಕಸಕ್ಕೆ ಹೋಗುವುದುಂಟು. ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ಟನ್ನು ಎರಡನೇ ಸಲ ಬಳಸಬೇಡಿ.

ಲಿಂಕ್ ಸರಿಯಿದ್ದರೆ ಬುಶ್. ಬಾರು 22 ಮಿ.ಮೀ., ಬುಶ್ ಹಳೆಯ 20ರದ್ದೇ ಎಂಬ ಪ್ರಕರಣ ನಂಬಲಾಗದಷ್ಟು ಸಾಮಾನ್ಯ. ಬಲವಂತವಾಗಿ ತುರುಕಿದ ಬುಶ್ಶಿಗೆ ಕ್ಲಾಂಪ್ ಪೂರ್ತಿ ಮುಚ್ಚುವುದಿಲ್ಲ, ಬೋಲ್ಟ್ ಸಡಿಲಾಗುತ್ತದೆ. ತಿರುಗಾ ಪ್ರಕರಣವೂ ಇದೆ, 24ರ ಬುಶ್ಶಿಗೆ 22ರ ಬಾರು ಹಾಕಿ ಒಳಗೆ ಸೈಕಲ್ ಟ್ಯೂಬಿನ ತುಂಡು ಸುತ್ತುವುದು. ಅದು ಕೆಲವೇ ವಾರದಲ್ಲಿ ಹರಿಯುತ್ತದೆ, ಸದ್ದು ಮರಳುತ್ತದೆ. ಬುಶ್ ಕೂರುವ ಜಾಗದಲ್ಲೇ ವರ್ನಿಯರ್ ಇಟ್ಟು ಬಾರಿನ ವ್ಯಾಸ ಅಳೆಯಿರಿ. ಪೇಂಟಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ.

ಮೂರನೆಯದು ತಾಗುವಿಕೆ. ದಪ್ಪ ಬಾರು, ಬೇರೆ ಬಾಗು, ಇಳಿಸಿದ ಸ್ಪ್ರಿಂಗು ಸೇರಿದರೆ ಬಾರಿನ ತೋಳು ಡ್ರೈವ್ ಶಾಫ್ಟಿಗೋ ಟೈ ರಾಡಿಗೋ ಲೋಯರ್ ಆರ್ಮಿಗೋ ತಾಗುತ್ತದೆ. ನಿಂತ ಗಾಡಿಯಲ್ಲಿ ಸಾಕಷ್ಟು ಜಾಗ ಕಾಣುತ್ತದೆ, ಗುಂಡಿಯಲ್ಲಿ ಉಳಿಯುವುದಿಲ್ಲ. ಸಂಶಯದ ಜಾಗದಲ್ಲಿ ಮಕ್ಕಳ ಆಟದ ಕ್ಲೇ ಉಂಡೆ ಅಂಟಿಸಿ ಒಂದು ಸುತ್ತು ಹೋಗಿಬನ್ನಿ. ಒತ್ತಿದ ಗುರುತು ಎಲ್ಲಿ, ಎಷ್ಟು ಆಳ ಎಂಬುದು ಅದರಲ್ಲೇ ಬರೆದಿರುತ್ತದೆ. ಡ್ರೈವ್ ಶಾಫ್ಟ್ ಹತ್ತಿರ ಮಾತ್ರ ಕ್ಲೇ ಬೇಡ, ಅಲ್ಲಿ ಚಕ್ರವನ್ನು ಜಾಕಿನಿಂದ ಮೆಲ್ಲಗೆ ಏರಿಸುತ್ತ ಕಣ್ಣಿಂದಲೇ ನೋಡಿ.

ಬಾರು ಪಕ್ಕಕ್ಕೆ ಸರಿದಿದೆಯೇ ಎಂದೂ ನೋಡಬೇಕು. ಬುಶ್ಶಿನ ಪಕ್ಕ ಬಾರಿಗೆ ಬಿಳಿ ಪೇಂಟಿನ ತೆಳುಗೆರೆ ಎಳೆದು ನೂರು ಕಿ.ಮೀ. ಓಡಿಸಿ. ಗೆರೆ ಬುಶ್ಶಿನೊಳಗೆ ಮರೆಯಾಗಿದ್ದರೆ ಅಥವಾ ದೂರವಾಗಿದ್ದರೆ ತಡೆಯುವ ಕಾಲರ್ ಇಲ್ಲ, ಇದ್ದರೂ ಸಡಿಲ. ಎರಡು ಭಾಗದ ಸ್ಕ್ರೂ ಕಾಲರನ್ನು ಎರಡೂ ಬುಶ್ಶಿನ ಒಳಬದಿಗೆ 1 ಮಿ.ಮೀ. ಬಿಟ್ಟು ಹಾಕಿ. ಕಾಲರನ್ನು ಬಾರಿಗೆ ವೆಲ್ಡ್ ಮಾಡಿಸಬೇಡಿ. ಸ್ಪ್ರಿಂಗ್ ಸ್ಟೀಲಿನ ಬಾರು ವೆಲ್ಡಿನ ಪಕ್ಕದಲ್ಲೇ ಬಿರುಕು ಬಿಡುತ್ತದೆ.

ಇವೆಲ್ಲ ಮುಗಿದೂ ಸದ್ದು ಉಳಿದಿದ್ದರೆ ಬಿಡಿಸಿ ನೋಡುವ ಪರೀಕ್ಷೆ. ಎರಡೂ ಬದಿಯ ಲಿಂಕನ್ನು ಬಾರಿನ ತುದಿಯಿಂದ ಕಳಚಿ, ಬಾರಿನ ತೋಳು ಎಲ್ಲಿಗೂ ತಾಗದಂತೆ ಗಟ್ಟಿ ಕೇಬಲ್ ಟೈನಿಂದ ಕಟ್ಟಿ, 20 ಕಿ.ಮೀ. ವೇಗ ಮೀರದೆ ಅದೇ ಗುಂಡಿ ದಾಟಿ. ಸದ್ದು ನಿಂತರೆ ಅದು ಬಾರಿನದು. ನಿಲ್ಲದಿದ್ದರೆ ಇಷ್ಟು ಹೊತ್ತು ಬೇರೆಯದನ್ನು ಹುಡುಕುತ್ತಿದ್ದೆವು ಎಂದರ್ಥ. ಈ ಸ್ಥಿತಿಯಲ್ಲಿ ಗಾಡಿ ಜೋರಾಗಿ ವಾಲುತ್ತದೆ, ಮುಖ್ಯ ರಸ್ತೆಗೆ ತರಬೇಡಿ.

ಈ ಪರೀಕ್ಷೆಯನ್ನು ಹಳೆಯ ಮಾರುತಿ 800ರಂಥ ಗಾಡಿಗೆ ಮಾಡಲೇಬಾರದು. ಅದರಲ್ಲಿ ಮುಂದಿನ ಬಾರು ವಾಲುವಿಕೆ ತಡೆಯುವುದಷ್ಟೇ ಅಲ್ಲ, ಚಕ್ರ ಹಿಂದೆ ಮುಂದೆ ಸರಿಯದಂತೆ ಕೆಳತೋಳನ್ನು ಹಿಡಿದಿರುವುದೂ ಅದೇ. ಬಾರಿನ ತುದಿಯ ಬುಶ್ ಸವೆದರೆ ಬ್ರೇಕ್ ಹಾಕಿದಾಗ ಚಕ್ರವೇ ಹಿಂದಕ್ಕೆ ಹೋಗಿ ಸ್ಟಿಯರಿಂಗ್ ಎಳೆಯುತ್ತದೆ. ಅಲ್ಲಿ ಬುಶ್ ಬದಲಿಸಿ, ಕ್ಯಾಸಲ್ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ ಬಿಡಿ. ದಪ್ಪ ಬಾರಿನ ಪ್ರಯೋಗಕ್ಕೆ ಆ ವಿನ್ಯಾಸ ಹೇಳಿ ಮಾಡಿಸಿದ್ದಲ್ಲ.

ಕಿರ್ರ್ ಎನ್ನುವುದು

ಪಾಲಿಯುರೆಥೇನ್ ಬುಶ್ ಹಾಕಿದವರ ದೂರಿದು. ಬಾರು ಬುಶ್ಶಿನೊಳಗೆ ಉರುಳುವಾಗ ಉಜ್ಜುವುದರಿಂದ ಈ ಸದ್ದು ಹಂಪಿನಲ್ಲೂ ಬರುತ್ತದೆ, ಗುಂಡಿಯಲ್ಲೂ ಬರುತ್ತದೆ. ಮೇಲಿನ ವಿಂಗಡಣೆ ಇಲ್ಲಿ ನಡೆಯುವುದಿಲ್ಲ. ಬುಶ್ಶಿನ ಮೇಲೆ ನೀರು ಚಿಮುಕಿಸಿ, ಗಾಡಿಯ ಮೂಗನ್ನು ಒತ್ತಿ ಬಿಟ್ಟು ನೋಡಿ. ಸದ್ದು ಸ್ವಲ್ಪ ಹೊತ್ತು ನಿಂತರೆ ಖಚಿತ.

ಕ್ಲಾಂಪ್ ಬಿಚ್ಚಿ, ಹಳೆಯ ಗ್ರೀಸು ಮತ್ತು ಮಣ್ಣನ್ನು ಪೂರ್ತಿ ಒರೆಸಿ, ನೀರಿಗೆ ತೊಳೆದುಹೋಗದ ಸಿಲಿಕೋನ್ ಆಧಾರದ ಗ್ರೀಸನ್ನು ಬುಶ್ಶಿನ ಒಳಮೈಗೆ ಹಚ್ಚಿ. ವೀಲ್ ಬೇರಿಂಗಿನ ಸಾಮಾನ್ಯ ಗ್ರೀಸ್ ಬೇಡ. ರಬ್ಬರ್ ಬುಶ್ಶಾದರೆ ಅದು ಉಬ್ಬಿ ಮೆತ್ತಗಾಗುತ್ತದೆ, ಪಾಲಿ ಬುಶ್ಶಾದರೆ ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತದೆ. ಕಂಪನಿಯ ಕೆಲವು ರಬ್ಬರ್ ಬುಶ್ಶುಗಳು ಬಾರಿಗೆ ಅಂಟಿಕೊಂಡೇ ಬರುತ್ತವೆ. ಅವು ಉರುಳುವುದಿಲ್ಲ, ರಬ್ಬರೇ ತಿರುಚಿಕೊಳ್ಳುತ್ತದೆ. ಅವಕ್ಕೆ ಗ್ರೀಸ್ ಬೇಡ.

ಹಚ್ಚಿ ಕ್ಲಾಂಪ್ ಬಿಗಿಸಿದ ಮೇಲೆ, ಲಿಂಕ್ ಜೋಡಿಸುವ ಮೊದಲು, ಬಾರಿನ ತುದಿ ಹಿಡಿದು ಕೈಯಿಂದ ಮೇಲೆ ಕೆಳಗೆ ಮಾಡಿ. ನಿಧಾನವಾಗಿ, ಒಂದೇ ಸಮನಾಗಿ ಬರಬೇಕು. ಕೈಗೆ ಬಗ್ಗದಿದ್ದರೆ ಬುಶ್ ಬಿಗಿ, ಇಲ್ಲವೇ ಎರಡು ಕ್ಲಾಂಪ್ ಒಂದೇ ರೇಖೆಯಲ್ಲಿಲ್ಲ. ಹಾಗೇ ಬಿಟ್ಟರೆ ಬಾರು ತಿರುಚುವ ಸ್ಪ್ರಿಂಗಾಗಿರದೆ ಅಂಟಿಕೊಂಡ ಕಂಬಿಯಾಗುತ್ತದೆ, ಹಂಪಿನಲ್ಲೂ ಗಾಡಿ ಗಟ್ಟಿಯಾಗಿ ಎಗರುತ್ತದೆ. ಕ್ಲಾಂಪ್ ಅಡಿಗೆ 0.5 ಮಿ.ಮೀ. ಶಿಮ್ (ತೆಳು ತಗಡು) ಕೊಟ್ಟು ನೋಡಿ.

ನಮ್ಮ ಕಡೆಯ ಒಂದು ವಿಶೇಷ ಕಾರಣವಿದೆ. ಒಕ್ಕಣೆ ಕಾಲದಲ್ಲಿ ಮಂಡ್ಯ, ಪಾಂಡವಪುರ, ತಿ. ನರಸೀಪುರದ ಹಳ್ಳಿರಸ್ತೆಗಳ ಮೇಲೆ ಹರಡಿದ ರಾಗಿ ಹುಲ್ಲು, ಹುರುಳಿ ಬಳ್ಳಿ ಬಾರಿಗೂ ಡ್ರೈವ್ ಶಾಫ್ಟಿಗೂ ಸುತ್ತಿಕೊಂಡು ಬುಶ್ಶಿನ ಪಕ್ಕ ಗಟ್ಟಿ ಉಂಡೆಯಾಗುತ್ತದೆ. ಉಜ್ಜುವ ಸದ್ದು ಬರುತ್ತದೆ, ರಬ್ಬರ್ ಟೋಪಿ ಸವೆಯುತ್ತದೆ, ಸೈಲೆನ್ಸರ್ ಹತ್ತಿರ ಸೇರಿಕೊಂಡರೆ ಬೆಂಕಿ ಹತ್ತುವ ಭಯವೂ ಉಂಟು. ಬುಶ್ ಬದಲಿಸುವ ಮೊದಲು ಅಡಿಗೊಮ್ಮೆ ಬಗ್ಗಿ ನೋಡಿ. ಖರ್ಚಿಲ್ಲದ ರಿಪೇರಿ.

ನಿಂತ ಗಾಡಿ ಒಂದು ಕಡೆ ವಾಲಿದೆ

ಸಮತಟ್ಟಾದ ನೆಲ ಬೇಕು. ಮನೆ ಮುಂದಿನ ರಸ್ತೆ ಚರಂಡಿ ಕಡೆಗೆ ಇಳಿಜಾರಾಗಿರುತ್ತದೆ, ಅಲ್ಲಿ ಅಳೆದರೆ ಎಲ್ಲ ಗಾಡಿಯೂ ವಾಲಿರುತ್ತದೆ. ಪೆಟ್ರೋಲ್ ಬಂಕಿನ ಕಾಂಕ್ರೀಟೂ ನೀರು ಹರಿಯಲು ಓರೆ ಇರುತ್ತದೆ. ವೀಲ್ ಅಲೈನ್‌ಮೆಂಟ್ ಅಂಗಡಿಯ ರ‍್ಯಾಂಪ್ ವಾಸಿ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ನಾಲ್ಕೂ ಕಡೆ ಟೇಪ್ ಹಿಡಿದು ಬರೆದುಕೊಳ್ಳಿ. ಎಡಬಲಕ್ಕೆ 10 ಮಿ.ಮೀ. ಒಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹೆಚ್ಚಿದ್ದರೆ ಅಲ್ಲೇ ಎರಡೂ ಲಿಂಕ್ ಬಿಚ್ಚಿ, ಗಾಡಿಯನ್ನು ಎರಡು ಮೂರು ಸಲ ಒತ್ತಿ ಬಿಟ್ಟು ಮತ್ತೆ ಅಳೆಯಿರಿ. ವಾಲು ಹಾಗೇ ಇದ್ದರೆ ಸ್ಪ್ರಿಂಗು ನೋಡಿ, ಬಾರಿಗೆ ಸಂಬಂಧವಿಲ್ಲ. ನೆಟ್ಟಗಾದರೆ ಎರಡು ಸಾಧ್ಯತೆ.

ಮೊದಲನೆಯದು ಲಿಂಕಿನ ಉದ್ದ. ಹೊಂದಿಸಬಹುದಾದ ಲಿಂಕುಗಳಲ್ಲಿ ಎಡದ್ದು ಬಲದ್ದಕ್ಕಿಂತ 5 ಮಿ.ಮೀ. ಉದ್ದವಿದ್ದರೂ ನೇರ ರಸ್ತೆಯಲ್ಲೇ ಬಾರು ತಿರುಚಿಕೊಂಡು ಕೂರುತ್ತದೆ. ಒಂದು ಬದಿಯ ಲಿಂಕನ್ನು ಪೂರ್ತಿ ಜೋಡಿಸಿ. ನಾಲ್ಕೂ ಚಕ್ರ ನೆಲದ ಮೇಲಿರುವಾಗ, ಚಾಲಕನ ತೂಕದ ಒಬ್ಬರು ಸೀಟಿನಲ್ಲಿ ಕೂತಿರುವಾಗ, ಇನ್ನೊಂದು ಬದಿಯ ಲಿಂಕಿನ ಉದ್ದವನ್ನು ಅದರ ಸ್ಟಡ್ಡು ಬೆರಳಿನಿಂದಲೇ ತೂತಿಗೆ ಜಾರುವಂತೆ ಹೊಂದಿಸಿ ಲಾಕ್ ನಟ್ ಬಿಗಿಸಿ. ಸುತ್ತಿಗೆಯಿಂದ ಹೊಡೆದು ಕೂರಿಸಬೇಕಾಗಿ ಬಂದರೆ ಉದ್ದ ಸರಿಯಿಲ್ಲ. ಗಾಡಿ ನೆಲದ ಮೇಲಿರುವಾಗ ಬಾರಿನ ತೋಳಿಗೂ ಲಿಂಕಿಗೂ ನಡುವೆ ಹತ್ತಿರಹತ್ತಿರ 90 ಡಿಗ್ರಿ ಇರಲಿ. ಸ್ಪ್ರಿಂಗ್ 30 ಮಿ.ಮೀ. ಇಳಿಸಿದ ಗಾಡಿಗೆ ಕಂಪನಿಯ ಉದ್ದದ ಲಿಂಕೇ ಉಳಿದಿದ್ದರೆ ಈ ಕೋನ ಕೆಡುತ್ತದೆ, ಬೇರೆ ಉದ್ದದ ಲಿಂಕ್ ಬೇಕಾಗುತ್ತದೆ.

ಎರಡನೆಯದು ಬಾರೇ ತಿರುಚಿ ಉಳಿದಿರುವುದು. ಮೆದು ಕಬ್ಬಿಣದ ಸರಳನ್ನು ಕಾಯಿಸಿ ಬಗ್ಗಿಸಿ ಮಾಡಿಸಿದ ಬಾರುಗಳಲ್ಲಿ ಇದು ಖಾಯಂ. ವಿಚಿತ್ರವೆಂದರೆ ಇಂಥ ಬಾರು ಮೊದಲ ದಿನ ಸ್ಪ್ರಿಂಗ್ ಸ್ಟೀಲಿನಷ್ಟೇ ಗಟ್ಟಿಯಾಗಿರುತ್ತದೆ. ಯಾವ ಉಕ್ಕೇ ಆಗಲಿ, ತಿರುಚುವಿಕೆಗೆ ಒಡ್ಡುವ ವಿರೋಧ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಎಷ್ಟು ತಿರುಚುವವರೆಗೆ ಮರಳಿ ಬರುತ್ತದೆ ಎಂಬಲ್ಲಿ. ದೊಡ್ಡ ಗುಂಡಿಯೊಂದರಲ್ಲಿ ಮೆದು ಸರಳು ತನ್ನ ಮಿತಿ ದಾಟಿದರೆ ಮತ್ತೆ ನೆಟ್ಟಗಾಗುವುದಿಲ್ಲ. ಬಾರನ್ನು ಬಿಚ್ಚಿ ಸಮತಟ್ಟಾದ ಗ್ರಾನೈಟ್ ಹಾಸಿನ ಮೇಲಿಡಿ. ಎರಡೂ ತುದಿ ಒಟ್ಟಿಗೆ ಕಲ್ಲಿಗೆ ತಾಗಬೇಕು. ಒಂದು ತುದಿ ಎದ್ದು ನಿಂತರೆ ಬಾರು ಬದಲಿಸಿ. ಬಗ್ಗಿಸಿ ಸರಿಮಾಡಿದ್ದು ಮತ್ತೆ ಅಲ್ಲೇ ಹೋಗುತ್ತದೆ. ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಒಳ್ಳೆಯ ಲೇತ್ ಕೆಲಸ ಸಿಗುತ್ತದೆ, ಕಾಲರ್, ಶಿಮ್, ಬ್ರಾಕೆಟ್ ಧಾರಾಳವಾಗಿ ಮಾಡಿಸಿ. ಬಾರನ್ನು ಮಾತ್ರ ಹದ ಮಾಡಿದ ಸ್ಪ್ರಿಂಗ್ ಸ್ಟೀಲಿನದ್ದೇ ಕೊಳ್ಳಿ.

ತಿರುವಿನಲ್ಲಿ ಮೊದಲಿಗಿಂತ ಕೆಟ್ಟಿದೆ

ಮುಂದಿನ ಚಕ್ರ ಜಾರಿ ಗಾಡಿ ನೇರ ಹೋಗುತ್ತಿದೆಯೇ, ಹಿಂದಿನದು ಜಾರಿ ಬಾಲ ಹೊರಗೆ ಬರುತ್ತಿದೆಯೇ ಎಂಬುದನ್ನು ಮೊದಲು ತೀರ್ಮಾನಿಸಿ. ಖಾಲಿ ಮೈದಾನ ಅಥವಾ ಖಾಸಗಿ ಅಂಗಳ, ಅನುಮತಿ ಪಡೆದು. 15 ಮೀಟರ್ ತ್ರಿಜ್ಯದ ವೃತ್ತಕ್ಕೆ ಸುಣ್ಣದ ಗುರುತು ಹಾಕಿ, 15 ಕಿ.ಮೀ.ಯಿಂದ ಶುರುಮಾಡಿ ಒಂದೇ ಸಮನೆ ವೇಗ ಏರಿಸುತ್ತ ಸುತ್ತಿ. ಗೆರೆ ಹಿಡಿದಿರಲು ಸ್ಟಿಯರಿಂಗ್ ಹೆಚ್ಚು ಹೆಚ್ಚು ತಿರುಗಿಸಬೇಕಾದರೆ ಅಂಡರ್‌ಸ್ಟಿಯರ್, ಬಿಡಬೇಕಾದರೆ ಓವರ್‌ಸ್ಟಿಯರ್. ಎರಡೂ ದಿಕ್ಕಿನಲ್ಲಿ ನೋಡಿ. ಒಂದು ದಿಕ್ಕಿನಲ್ಲಿ ಮಾತ್ರ ಕೆಟ್ಟಿದ್ದರೆ ‘ನಿಂತ ಗಾಡಿ ಒಂದು ಕಡೆ ವಾಲಿದೆ’ ಎಂಬಲ್ಲಿ ಹೇಳಿದ ಲಿಂಕ್ ಉದ್ದದ ಪರೀಕ್ಷೆಗೆ ಮರಳಿ.

ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಇದನ್ನು ನೋಡಲು ಹೋಗಬೇಡಿ, ಅಲ್ಲಿ ನಡೆದು ಹೋಗುವ ಜನರಿರುತ್ತಾರೆ, ಬಸ್ ಇಳಿಯುತ್ತಿರುತ್ತದೆ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲಂತೂ ಬೇಡವೇ ಬೇಡ. ಎಷ್ಟೋ ಕಡೆ ತಡೆಗೋಡೆ ಇಲ್ಲದ ಆ ರಸ್ತೆಯಲ್ಲಿ ಜಾರಿದರೆ ನೀರಿಗೇ.

ಮುಂದಿನ ಚಕ್ರ ಓಡಿಸುವ ಸ್ವಿಫ್ಟ್, ಬಲೆನೊ, ಐ20, ಪೋಲೊ ತರಹದ ಗಾಡಿಗಳು ಕಂಪನಿಯಿಂದಲೇ ಅಂಡರ್‌ಸ್ಟಿಯರ್ ಕಡೆ ಇರುತ್ತವೆ. ಮುಂದೆ ಮಾತ್ರ ದಪ್ಪ ಬಾರು ಹಾಕಿದರೆ ಭಾರದ ಪಾಲು ಮುಂದಕ್ಕೇ ಹೆಚ್ಚಿ, ಹೊರಗಿನ ಮುಂಚಕ್ರ ಬೇಗ ಸೋಲುತ್ತದೆ, ಒಳಚಕ್ರ ಹಗುರಾಗಿ ಆಕ್ಸಿಲರೇಟರ್ ಒತ್ತಿದರೆ ಸುಮ್ಮನೆ ಸುತ್ತುತ್ತದೆ. ಇಲ್ಲೊಂದು ಅಪವಾದ ಉಂಟು. ಮೆಕ್‌ಫರ್ಸನ್ ಸ್ಟ್ರಟ್ಟಿನ ಗಾಡಿ ತುಂಬಾ ವಾಲುತ್ತಿದ್ದರೆ ಹೊರಚಕ್ರ ಓರೆಯಾಗಿ ಟೈರಿನ ಅಂಚಿನ ಮೇಲೆ ನಿಂತಿರುತ್ತದೆ. ಮುಂದಿನ ಬಾರು ಸ್ವಲ್ಪ ಗಟ್ಟಿಯಾದರೆ ಟೈರ್ ಚಪ್ಪಟೆಯಾಗಿ ಕೂತು ಹಿಡಿತ ಹೆಚ್ಚಲೂಬಹುದು. ಮುಂಟೈರಿನ ಹೊರ ಅಂಚು ಮಾತ್ರ ಸವೆದಿದ್ದು ಟೋ (ಚಕ್ರಗಳ ಮುಂಬದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸರಿಯಿದ್ದರೆ ಹೀಗೆ ಆಗುತ್ತಿತ್ತೆಂದು ತಿಳಿಯಿರಿ. ಉಳಿದಂತೆ ಮುಂದಿನದ್ದು ಕಂಪನಿಯದ್ದೇ ಇರಲಿ, ಹಿಂದೆ ಒಂದು ಹಂತ ಗಟ್ಟಿ ಮಾಡಿ.

ಈ ಗಾಡಿಗಳ ಹಿಂದೆ ಬಾರು ಹುಡುಕಿದರೆ ಹಲವಕ್ಕೆ ಕಾಣುವುದಿಲ್ಲ. ಎರಡು ಚಕ್ರಗಳ ನಡುವಣ ಅಡ್ಡತೊಲೆಯೇ ತಿರುಚಿಕೊಂಡು ಬಾರಿನ ಕೆಲಸ ಮಾಡುತ್ತದೆ. ಅದಕ್ಕೆ ಬೋಲ್ಟ್ ಮಾಡುವ ಹೆಚ್ಚುವರಿ ಬಾರುಗಳಿಗೆ ಬುಶ್ಶಿಲ್ಲ, ಲಿಂಕಿಲ್ಲ. ಆದ್ದರಿಂದ ಸದ್ದು ಬಂದರೆ ಮೂರೇ ಜಾಗ: ಸಡಿಲ ಬೋಲ್ಟ್, ಸೈಲೆನ್ಸರ್ ಪೈಪು, ಕೈಬ್ರೇಕ್ ಕೇಬಲ್ಲು. ಪೈಪು ರಬ್ಬರಿನ ಮೇಲೆ ಆಡುವುದರಿಂದ ಕನಿಷ್ಠ 15 ಮಿ.ಮೀ. ಬಿಡಿ. ತೊಲೆಗೆ ವೆಲ್ಡ್ ಮಾಡುವವರಿಂದ ಗಾಡಿ ದೂರವಿಡಿ.

ಹಿಂದೆ ಅತಿಯಾಗಿ ಗಟ್ಟಿಯಾದರೆ ಒಣರಸ್ತೆಯಲ್ಲಿ ಗಾಡಿ ಚುರುಕೆನಿಸುತ್ತದೆ. ಒದ್ದೆಯಲ್ಲಿ, ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟ ಕ್ಷಣ ಬಾಲ ಹೊರಡುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ 100ರಲ್ಲಿ ಮಳೆನೀರಿನ ಪಟ್ಟಿಗೆ ಸಿಕ್ಕರೆ ಇದು ತಮಾಷೆಯಲ್ಲ. ಬಾರು ತೂತುಗಳದ್ದಾದರೆ ಮೆದುವಾದ ತೂತಿಗೆ, ಅಂದರೆ ಹೊರತುದಿಯದ್ದಕ್ಕೆ, ಸರಿಸಿ. ಆದರೆ ಅದಕ್ಕೂ ಮೊದಲು ಹಿಂಟೈರ್ ನೋಡಿ. ಹೊಸ ಜೊತೆ ಟೈರನ್ನು ಮುಂದಕ್ಕೆ ಹಾಕಿ ಸವೆದವನ್ನು ಹಿಂದಕ್ಕೆ ತಳ್ಳುವ ಪದ್ಧತಿ ನಮ್ಮ ಟೈರ್ ಅಂಗಡಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಹೆಚ್ಚು ಎಳೆ (ಟ್ರೆಡ್) ಉಳಿದಿರುವ ಜೊತೆ ಹಿಂದೆಯೇ ಇರಬೇಕು, ಹಿಂದಿನ ಬಾರು ಗಟ್ಟಿ ಮಾಡಿದ ಗಾಡಿಗೆ ಇದು ಎರಡರಷ್ಟು ನಿಜ. ತಿರುವಿನಲ್ಲಿ ಒಳಗಿನ ಹಿಂಚಕ್ರ ನೆಲ ಬಿಟ್ಟು ಕೊಂಚ ಏಳುವುದು ಈ ಗಾಡಿಗಳಲ್ಲಿ ದೋಷವಲ್ಲ.

ಇನ್ನೋವಾ ಕ್ರಿಸ್ಟಾ, ಬೊಲೆರೊದಂಥ ಹಿಂಚಕ್ರ ಓಡಿಸುವ ಗಾಡಿಗೆ ಕ್ರಮ ತಿರುಗಾ, ಗಟ್ಟಿ ಮಾಡುವುದಾದರೆ ಮುಂದಿನದನ್ನು. ಹೊಲ, ತೋಟದ ದಾರಿಯಲ್ಲಿ ಹೆಚ್ಚು ಓಡುವ ಗಾಡಿಗಾದರೆ ಯಾವುದನ್ನೂ ಬೇಡ. ಕಬ್ಬಿನ ಟ್ರ್ಯಾಕ್ಟರ್ ಕೊರೆದ ಕೊರಕಲಿನಲ್ಲಿ ಒಂದು ಚಕ್ರ ಕೆಳಗಿಳಿದು ನೆಲ ಮುಟ್ಟಬೇಕು. ದಪ್ಪ ಬಾರು ಅದನ್ನು ಗಾಳಿಯಲ್ಲೇ ಹಿಡಿದಿಡುತ್ತದೆ, ಚಕ್ರ ಸುತ್ತುತ್ತಾ ಗಾಡಿ ಅಲ್ಲೇ ನಿಲ್ಲುತ್ತದೆ.

ಹದಗೆಟ್ಟ ಡಾಂಬರಿನಲ್ಲಿ ತಲೆ ಎಡಬಲಕ್ಕೆ ಎಸೆದಂತಾಗುವುದೂ ಇದೇ ಕಾರಣಕ್ಕೆ. ಒಂದು ಚಕ್ರದ ಗುಂಡಿಯನ್ನು ಬಾರು ಇನ್ನೊಂದಕ್ಕೂ ಹಂಚುತ್ತದೆ. ಬುಶ್ ಅಂಟಿಲ್ಲ, ಶಾಕ್ ಸರಿಯಿದೆ ಎಂದಾದರೆ ಇದಕ್ಕೆ ರಿಪೇರಿ ಇಲ್ಲ, ಒಂದು ಹಂತ ತೆಳುವಾದ ಬಾರೇ ದಾರಿ.

ಎಬಿಎಸ್ ದೀಪ, ಓರೆಯಾದ ಸ್ಟಿಯರಿಂಗ್

ಬಾರು ಹಾಕಿಸಿ ಬಂದ ದಿನವೇ ಎಬಿಎಸ್ ಅಥವಾ ಇಎಸ್‌ಪಿ (ಗಾಡಿ ಜಾರದಂತೆ ಹಿಡಿತ ಕಾಯುವ ವ್ಯವಸ್ಥೆ) ದೀಪ ಹತ್ತಿದರೆ ಬಾರನ್ನು ಬೈಯಬೇಡಿ. ಚಕ್ರವೇಗದ ಸೆನ್ಸರಿನ ತಂತಿ ಸ್ಟ್ರಟ್ಟಿನ ಹತ್ತಿರ ಲಿಂಕಿನ ಪಕ್ಕದಲ್ಲೇ ಹಾದುಹೋಗುತ್ತದೆ. ಕ್ಲಿಪ್ ಬಿಟ್ಟಿರುತ್ತದೆ, ಇಲ್ಲವೇ ತಂತಿ ಎಳೆದಿರುತ್ತದೆ. ಬ್ರೇಕ್ ಹೋಸ್ ತಿರುಚಿಕೊಂಡಿದೆಯೇ ಎಂದೂ ಆಗಲೇ ನೋಡಿ.

ಎಷ್ಟೋ ಗಾಡಿಗಳಲ್ಲಿ ಮುಂದಿನ ಬಾರು ಹೊರಬರಲು ಸಬ್‌ಫ್ರೇಮ್ (ಲೋಯರ್ ಆರ್ಮ್‌ಗಳನ್ನು ಹೊತ್ತ ಅಡಿಯ ಚೌಕಟ್ಟು) ಇಳಿಸಬೇಕು. ಇಳಿಸುವ ಮೊದಲು ಅದರ ಜಾಗವನ್ನು ಪೇಂಟಿನಿಂದ ಗುರುತಿಸದಿದ್ದರೆ ಮರಳಿ ಕೂರಿಸುವಾಗ ಒಂದೆರಡು ಮಿಲಿಮೀಟರ್ ಸರಿಯುತ್ತದೆ, ಸ್ಟಿಯರಿಂಗ್ ಓರೆಯಾಗುತ್ತದೆ, ಗಾಡಿ ಎಳೆಯುತ್ತದೆ. ಬಾರು ಬದಲಿಸಿದ್ದಕ್ಕೇ ಟೋ ಕೆಡುವುದಿಲ್ಲ, ಸಬ್‌ಫ್ರೇಮ್ ಇಳಿಸಿದ್ದಕ್ಕೆ ಕೆಡುತ್ತದೆ. ಅಲೈನ್‌ಮೆಂಟ್ ಮಾಡಿಸಿದ ಮೇಲೆ ಇಎಸ್‌ಪಿ ಇರುವ ಗಾಡಿಗೆ ಸ್ಟಿಯರಿಂಗ್ ಕೋನದ ಸೆನ್ಸರನ್ನು ಸ್ಕ್ಯಾನರಿನಿಂದ ಶೂನ್ಯಕ್ಕೆ ತರಿಸಿ.

ಬಿಗಿಸುವ ಅಳತೆ

ಗಾಡಿಯ ಸರ್ವಿಸ್ ಮ್ಯಾನುಯಲ್ಲಿನ ಟಾರ್ಕ್ ಅಂಕಿಯೇ ಅಂತಿಮ. ಅದು ಸಿಗದಿದ್ದಾಗ 8.8 ದರ್ಜೆಯ ಎಂ8 ಕ್ಲಾಂಪ್ ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್, ಎಂ10ಕ್ಕೆ 45ರಿಂದ 50 ಸಾಮಾನ್ಯ ಅಳತೆ. ಪಾಲಿ ಬುಶ್ಶಾಗಲಿ ರಬ್ಬರ್ ಬುಶ್ಶಾಗಲಿ, ಕ್ಲಾಂಪ್ ಬೋಲ್ಟುಗಳ ಕೊನೆಯ ಬಿಗಿತ ಚಕ್ರಗಳು ನೆಲದ ಮೇಲೆ ಭಾರ ಹೊತ್ತಿರುವಾಗ ಆಗಲಿ. ಬಾರಿಗೆ ಅಂಟಿದ ರಬ್ಬರನ್ನು ಜೋತುಬಿದ್ದ ಸ್ಥಿತಿಯಲ್ಲಿ ಬಿಗಿಸಿದರೆ ಗಾಡಿ ಕೆಳಗಿಳಿದಾಗಿನಿಂದಲೇ ಅದು ತಿರುಚಿಕೊಂಡಿರುತ್ತದೆ, ಬೇಗ ಹರಿಯುತ್ತದೆ. ಬಿಚ್ಚುವಾಗಲೂ ಎರಡೂ ಬದಿ ಒಂದೇ ಎತ್ತರದಲ್ಲಿರಲಿ. ಒಂದು ಬದಿಯನ್ನಷ್ಟೇ ಜಾಕ್ ಮಾಡಿ ಲಿಂಕ್ ಕಳಚಿದರೆ ತಿರುಚಿದ ಬಾರು ಕೈಗೆ ಬಡಿಯಬಹುದು.

500 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟಿಗೂ ಮತ್ತೊಮ್ಮೆ ಟಾರ್ಕ್ ವ್ರೆಂಚ್ ಹಾಕಿ. ಆಗಲೇ ಟಾರ್ಚ್ ಹಿಡಿದು ಸಬ್‌ಫ್ರೇಮಿನಲ್ಲಿ ಕ್ಲಾಂಪ್ ಕೂರುವ ಕಿವಿಗಳ ಬುಡ ನೋಡಿ. ದಪ್ಪ ಬಾರು ಅಲ್ಲಿಗೆ ಕಂಪನಿ ಎಣಿಸಿದ್ದಕ್ಕಿಂತ ಹೆಚ್ಚು ಬಲ ಹಾಕುತ್ತದೆ. ವೆಲ್ಡಿನ ಅಂಚಿನಲ್ಲಿ ತುಕ್ಕಿನ ಬಣ್ಣದ ಸಣ್ಣ ಗೆರೆ ಕಂಡರೆ ಅದು ಕೊಳೆಯಲ್ಲ, ಬಿರುಕು. ಗಾಡಿ ಅಲ್ಲೇ ನಿಲ್ಲಿಸಿ, ಹಳೆಯ ಬಾರು ಮರಳಿ ಹಾಕುವುದೋ ಕಿವಿಗೆ ಬಲತಟ್ಟೆ ಕೊಡಿಸುವುದೋ ತೀರ್ಮಾನಿಸಿ.

ಹಳೆಯ ಬಾರು, ಲಿಂಕ್, ಕ್ಲಾಂಪ್ ಗುಜರಿಗೆ ಹಾಕಬೇಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ. ಕೊಳ್ಳುವ ಮೊದಲೇ ಆರ್‌ಟಿಒದಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸಿ, ವಿಮೆಯವರ ಉತ್ತರವನ್ನು ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳಿ.